ಹೂಂ ಅನ್ನುವವರಿಲ್ಲದ ಕುಲುಮೆ

ಆ ಊರಿನ ಸುತ್ತ ಕಲ್ಲಿನ ಕೋಟೆ ಇರಲಿಲ್ಲ, ತೊಗಲಿನ ಕೋಟೆ ಇತ್ತು. ಬಿಸಿಲಿಗೆ ಬೆವರುತ್ತಿತ್ತು, ಚಳಿಗೆ ಮುಳ್ಳೇಳುತ್ತಿತ್ತು. ಊರಿನ ನಡುವೆ ಒಂದು ನಗಾರಿ. ಅದನ್ನು ಬಡಿಯುವವರನ್ನು ಯಾರೂ ಕಂಡಿಲ್ಲ, ಅದು ನಿಂತದ್ದನ್ನೂ ಯಾರೂ ಕೇಳಿಲ್ಲ. ನಗಾರಿಯ ಬುಡದಿಂದ ಹೊರಟ ಕೆಂಪು ಕಾಲುವೆ ಕೇರಿಕೇರಿ ಸುತ್ತಿ, ಮನೆಮನೆ ಮುಟ್ಟಿ, ಮತ್ತೆ ನಗಾರಿಯ ಬುಡಕ್ಕೇ ಬರುತ್ತಿತ್ತು. ನೀರೇ ಹಾಗೆ ಸುತ್ತುವ ಊರಲ್ಲಿ ಮಾತು ಸುತ್ತದೆ ಇರುತ್ತದೆಯೇ? ಮೇಲಿನ ಕೇರಿಯಲ್ಲಿ ಒಬ್ಬಳು ಕೆಮ್ಮಿದರೆ ಸಾಕು, ಕೆಳಗಿನ ಕೇರಿಯವರು ಅವಳಿಗೆ ಕಷಾಯ ಕುದಿಸುತ್ತ, ಅದು ಕುದಿಯುವಷ್ಟರಲ್ಲಿ ಅವಳ ಗಂಡನ ವಿಷಯವನ್ನೂ ಆಡಿ ಮುಗಿಸಿರುತ್ತಿದ್ದರು.

ಹಾಗಾಗಿ ಮೂಲೆಮನೆಯವಳು ಏನು ಮಾಡಿದಳು ಅನ್ನುವುದು ಊರಿಗೆಲ್ಲ ಗೊತ್ತು. ಯಾಕೆ ಮಾಡಿದಳು ಅನ್ನುವುದೂ ಗೊತ್ತು. ತಮಗೇನೂ ಗೊತ್ತಿರಲಿಲ್ಲ ಅಂತ ಆಮೇಲೆ ಸೆರಗು ಬಾಯಿಗೆ ಹಿಡಿದು ನಿಂತವರೆಲ್ಲ ಅವತ್ತು ಅವಳ ಕುಲುಮೆಗೆ ಇದ್ದಲು ಹೊತ್ತವರೇ.

ಮೂಲೆಮನೆಯವಳು ಕೊಕ್ಕೆಯವರ ಕೇರಿಯವಳು. ಆ ಕೇರಿಯ ಹೆಂಗಸರದು ಒಂದೇ ಕಸುಬು, ಕೊಕ್ಕೆ ಮಾಡುವುದು. ಒಬ್ಬೊಬ್ಬಳಿಗೆ ಒಂದೊಂದು ಬಗೆ, ಹುಟ್ಟಿನಿಂದ ಬಂದದ್ದು. ಒಬ್ಬಳ ಬಗೆ ಇನ್ನೊಬ್ಬಳಿಗಿಲ್ಲ. ತನ್ನ ಬಗೆಯ ಕೊಕ್ಕೆಗಳನ್ನೇ ಸೊಂಟದ ತುಂಬ ಸಿಕ್ಕಿಸಿಕೊಂಡು ಗಲಗಲ ಅನ್ನಿಸುತ್ತ ಕಾಲುವೆಯ ದಂಡೆಯಲ್ಲಿ ಓಡಾಡುವರು. ಕೋಟೆ ಹರಿದು ಹೊರಗಿನವರು ಯಾರಾದರೂ ನುಗ್ಗಿದರೆ, ಅವರ ಉಡುಪು ಯಾರ ಕೊಕ್ಕೆಗೆ ಸಿಕ್ಕುತ್ತದೋ ಅವಳ ಸೊಂಟ ಜಗ್ಗುತ್ತದೆ. ಆದರೆ ಜಗ್ಗಿತು ಅಂತ ಕುಲುಮೆ ಹಚ್ಚುವ ಹಾಗಿಲ್ಲ. ಅದೇ ಆ ಊರಿನ ಕಟ್ಟಳೆ. ಸಿಕ್ಕಿದ ಚೂರನ್ನು ತೆಗೆದುಕೊಂಡು ಹೂಂನವರ ಕೇರಿಗೆ ಹೋಗಬೇಕು. ಹೂಂನವನು ಚೂರನ್ನು ನೋಡುತ್ತಾನೆ, ಅವಳ ಮುಖವನ್ನು ನೋಡುತ್ತಾನೆ. ‘ಹೂಂ’ ಅಂದರೆ ಕುಲುಮೆ. ‘ಊಹೂಂ’ ಅಂದರೆ ತೆಪ್ಪಗೆ ಮನೆಗೆ.

ಹೂಂ ಸಿಕ್ಕಿದ ಮೇಲೆ ನೋಡಬೇಕಿತ್ತು ಆ ಸಡಗರ. ಕೇರಿಯ ಬಯಲಲ್ಲಿ ಹೆಂಗಸರು ಬಳೆಯ ಹಾಗೆ ದುಂಡಗೆ ಕೂರುವರು. ನಡುವೆ ಬೆಂಕಿ. ಪಕ್ಕದಲ್ಲಿ ನೂರು ಕೈಯ ಕಂಬ, ಅದರ ಕೈಕೈಗೂ ಹೊರಗಿನವರ ಉಡುಪಿನ ಚೂರು ನೇತುಹಾಕಿರುವರು. ಕುಲುಮೆ ಉರಿಯುವಾಗ ಆ ಹೆಂಗಸರಿಗೆ ಬಸಿರು ಬಾಣಂತನ ಅನ್ನುವ ರಗಳೆಯಿಲ್ಲ. ಬೆಳಗ್ಗೆ ಒಬ್ಬಳಿದ್ದ ಕಡೆ ಮಧ್ಯಾಹ್ನಕ್ಕೆ ಇಬ್ಬರು, ತಾಯಿಯಷ್ಟೇ ಎತ್ತರದ ಮಗಳು, ಕೈಯಲ್ಲಾಗಲೇ ಸುತ್ತಿಗೆ. ಮಗಳು ತಾಯಿಯ ಕೊಕ್ಕೆ ನೋಡಿ ತನ್ನದನ್ನು ಬಡಿಯಬೇಕು. ಹಾಗಂತ ತಾಯಿಯದರಂತೆಯೇ ಬಡಿಯುವಂತಿಲ್ಲ. ಒಂದು ತಪ್ಪು ಮಾಡಲೇಬೇಕು. ಒಂದು ಬಾಗು ಜಾಸ್ತಿ, ಇಲ್ಲವೇ ಒಂದು ಮೊನೆ ಗಿಡ್ಡ. ತಪ್ಪಿಲ್ಲದ ಕೊಕ್ಕೆ ತಂದವಳಿಗೆ ಮೂತಿಗೆ ತಿವಿದು ಮತ್ತೆ ಬಡಿಸುತ್ತಿದ್ದರು.

ಆಮೇಲೆ ಪರೀಕ್ಷೆ. ಮಗಳು ತನ್ನ ಕೊಕ್ಕೆಯಿಂದ ಕಂಬದ ಚೂರೊಂದನ್ನು ಎತ್ತಿ ಹೂಂನವನ ಮುಂದೆ ಹಿಡಿಯಬೇಕು. ಹೂಂ ಅಂದರೆ ಮತ್ತೆ ಬೆಂಕಿಯ ಹತ್ತಿರ, ಇನ್ನೊಂದು ತಪ್ಪಿಗೆ. ಊಹೂಂ ಅಂದರೆ ಸುತ್ತಿಗೆ ಕೆಳಗಿಟ್ಟು ಬೂದಿಗುಂಡಿಗೆ ನಡೆಯಬೇಕು. ಯಾರೂ ಎಳೆಯುವುದಿಲ್ಲ, ಯಾರೂ ದಬ್ಬುವುದಿಲ್ಲ. ಗುಂಡಿಯ ಅಂಚಿನಲ್ಲಿ ಬೂದಿಯಜ್ಜಿ ಮಡಿಲು ಹರವಿಕೊಂಡು ಕೂತಿರುತ್ತಾಳೆ. ಆ ಮಡಿಲಲ್ಲಿ ತಲೆಯಿಟ್ಟವರು ಮತ್ತೆ ಏಳುವುದಿಲ್ಲ. ಹತ್ತು ಜನ ಬಡಿದರೆ ಒಂಬತ್ತು ಜನ ಅಜ್ಜಿಯ ಪಾಲು. ಉಳಿದ ಒಬ್ಬಳ ಕೊಕ್ಕೆ ಇರುತ್ತಿತ್ತಲ್ಲ, ಅದು ಹೊರಗಿನವರನ್ನು ಕಂಡಲ್ಲಿ ಹಿಡಿಯುತ್ತಿತ್ತು, ಹಿಡಿದರೆ ಬಿಡುತ್ತಿರಲಿಲ್ಲ.

ಹೂಂನವರಿಗೆ ಅಷ್ಟು ದೊಡ್ಡ ಬಾಯಿ ಎಲ್ಲಿಂದ ಬಂತು ಅಂದರೆ, ನಗಾರಿಯ ನೆತ್ತಿಯ ಮೇಲಿದ್ದ ಗುರುಮನೆಯಿಂದ. ಅಲ್ಲಿ ಅವರಿಗೆ ಊರಿನ ಒಂದೊಂದು ಮುಖವನ್ನೂ ತೋರಿಸುತ್ತಿದ್ದರಂತೆ. ಇವನು ಕಾಲುವೆ ಗುಡಿಸುವವನು, ಇವಳು ಹಾಲಿನವಳು, ಇದು ಅವಳ ಕರು. ನಮ್ಮವರಲ್ಲಿ ಒಬ್ಬರನ್ನು ಹೊರಗಿನವರು ಅಂದವನು ಆ ಬಾಗಿಲು ದಾಟಿ ಬರುತ್ತಿರಲಿಲ್ಲ. ನೂರು ಮಂದಿ ಒಳಗೆ ಹೋದರೆ ಮೂರು ಮಂದಿ ಹೊರಗೆ, ಅವರೂ ನಗುವುದನ್ನು ಒಳಗೇ ಬಿಟ್ಟು. ಆ ಮನೆಗೊಂದು ರೋಗವಿತ್ತು. ವರ್ಷವರ್ಷಕ್ಕೂ ಕುಗ್ಗುತ್ತಿತ್ತು. ಮೊದಲು ಬಾಗಿಲಲ್ಲಿ ತಲೆ ಬಗ್ಗಿಸಿದರೆ ಸಾಕಿತ್ತು, ಆಮೇಲೆ ತೆವಳಬೇಕಾಯಿತು, ಕೊನೆಗೆ ಅದು ಬೆಕ್ಕಿಗೂ ಸಾಲದಾಯಿತು. ಒಳಗಿದ್ದವರು ಒಳಗೇ ಉಳಿದರು. ಹೊರಗಿದ್ದವರು ಒಬ್ಬೊಬ್ಬರೇ ಮುದುಕರಾಗಿ ಸತ್ತರು.

ಕೊನೆಯ ಹೂಂನವನು ಸತ್ತ ದಿನ ಮೂಲೆಮನೆಯವಳು ತಲೆಗೆ ಎರೆದುಕೊಂಡು, ಅಂಗಳ ತೊಳೆದು, ರಂಗೋಲಿ ಹಾಕಿದಳು. ಅವನಿಗೂ ಅವಳಿಗೂ ಏನೋ ಇತ್ತು ಅಂತ ದಂಡೆಯ ಹೆಂಗಸರು ಮೊದಲೇ ಆಡಿಕೊಳ್ಳುತ್ತಿದ್ದರು. ಇತ್ತು, ಇಲ್ಲ ಅಂದವರು ಯಾರು? ಅವಳ ಹಿರಿಮಗಳಿಗೆ ಅವನು ಊಹೂಂ ಅಂದಿದ್ದ. ಎರಡನೆಯವಳಿಗೆ ಊಹೂಂ ಅಂದಾಗಂತೂ ಅವಳ ಅಂಗಳದಲ್ಲೇ ನಿಂತಿದ್ದ, ಅವಳೇ ಕೊಟ್ಟ ಮಜ್ಜಿಗೆಯ ಲೋಟ ಕೈಯಲ್ಲಿ. ಊಹೂಂ ಅಂದು, ಉಳಿದ ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು ಹೋಗಿದ್ದ.

ಉಳಿದವಳು ಮೂರನೆಯವಳು. ಅವಳೊಬ್ಬಳನ್ನು ಬೂದಿಗೆ ಕೊಡುವುದಿಲ್ಲ ಅನ್ನುವುದೇ ಮೂಲೆಮನೆಯವಳ ಉಸಿರಾಗಿತ್ತು. ಕೂತರೂ ಅದೇ, ನಿಂತರೂ ಅದೇ.

ಮಣಿಯಂಗಿಯವರು ಬಂದದ್ದು ಹಾಡುಹಗಲಲ್ಲಿ. ತೆಂಕಣ ಮೂಲೆಯಲ್ಲಿ ತೊಗಲು ಹರಿದಿತ್ತು, ಒಬ್ಬರ ಹಿಂದೆ ಒಬ್ಬರು ನುಗ್ಗಿದರು. ಎಲ್ಲರಿಗೂ ಒಂದೇ ಅಂಗಿ. ಅಂಗಿಯ ತುಂಬ ಮಣಿ, ಒಂದರಂತೆಯೇ ಇನ್ನೊಂದು, ಸಾಲಿನ ಮೇಲೆ ಸಾಲು, ಸಾವಿರದ ಮೇಲೆ ಸಾವಿರ. ಮೊದಲು ಬರುತ್ತಿದ್ದವರ ಉಡುಪಿನಲ್ಲಿ ಒಂದು ಅಂಚೋ ಒಂದು ಗುಂಡಿಯೋ ಕೊಕ್ಕೆಗೆ ಸಿಕ್ಕಿದರೆ ಹೆಚ್ಚು. ಈ ಅಂಗಿಯಲ್ಲಿ ಎಲ್ಲಿ ಮುಟ್ಟಿದರೂ ಅದೇ ಮಣಿ. ಮೂಲೆಮನೆಯವಳ ಸೊಂಟದ ಕೊಕ್ಕೆಗಳು ಒಂದೂ ಬಿಡದೆ ಒಟ್ಟಿಗೆ ಸಿಕ್ಕಿಕೊಂಡವು. ಆ ಜಗ್ಗಿಗೆ ಅವಳು ಮುಂಗಾಲಿನ ಮೇಲೆ ನಿಂತುಬಿಟ್ಟಳು. ಅಂಥ ಜಗ್ಗು ಬಿದ್ದ ಮೇಲೆ ಯಾರ ಅಪ್ಪಣೆಯೂ ನೆನಪಿಗೆ ಬರುವುದಿಲ್ಲ. ಸಿಕ್ಕಿದ ಮಣಿಗಳನ್ನು ಕಿತ್ತುಕೊಂಡು ಬಯಲಿಗೆ ಓಡಿದಳು, ಇದ್ದಲು ಸುರಿದಳು, ಬೆಂಕಿ ಹಾಕಿದಳು.

ಎದುರುಮನೆಯವಳು ಏದುಸಿರು ಬಿಡುತ್ತ ಬಂದಳು. ಅವಳದೂ ಹತ್ತಿರಹತ್ತಿರದ ಬಗೆಯ ಕೊಕ್ಕೆ. "ಅಕ್ಕಾ, ಯಾರು ಹೂಂ ಅಂದ್ರು?"

"ಯಾರೂ ಅನ್ನಲಿಲ್ಲ."

"ಅಯ್ಯೋ, ಮತ್ತೆ ಬೆಂಕಿ ಹಾಕಿದೀಯಲ್ಲೇ!"

"ಹೂಂ ಅನ್ನೋರು ಸತ್ರು ಅಂದ್ರೆ ಊಹೂಂ ಅನ್ನೋರೂ ಸತ್ರು ಅಂತ ತಾನೆ? ನಿನ್ನ ಸೊಂಟ ಜಗ್ತಾ ಇಲ್ವಾ?"

"ಮುರಿದುಹೋಗೋ ಹಾಗೆ ಜಗ್ತಾ ಇದೆ."

"ಹಾಗಿದ್ರೆ ಬಾಯಿ ಮುಚ್ಕೊಂಡು ತಿದಿ ಒತ್ತು."

ಒತ್ತಿದಳು. ಸಂಜೆಯ ಹೊತ್ತಿಗೆ ಬಯಲಲ್ಲಿ ಹೆಂಗಸರು ದುಂಡಗೆ ಕೂತಿದ್ದರು, ನಡುವೆ ಬೆಂಕಿ, ಪಕ್ಕದಲ್ಲಿ ಕಂಬ, ಕಂಬದ ಕೈಕೈಗೂ ಮಣಿ. ನೋಡಿದವರಿಗೆ ಮೊದಲಿನ ಕುಲುಮೆಗೂ ಇದಕ್ಕೂ ಒಂದು ಕೂದಲಿನಷ್ಟೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಹೂಂನವನು ಕೂರುತ್ತಿದ್ದ ಮಣೆ ಮಾತ್ರ ಖಾಲಿ. ಅದರ ಮೇಲೆ ಯಾರೋ ನೀರಿನ ಕೊಡ ಇಟ್ಟರು.

ಎರಡನೆಯ ದಿನವೇ ಮಣಿಯಂಗಿಯವರು ಸಿಕ್ಕಿಬೀಳತೊಡಗಿದರು. ಕಾಲುವೆಯಲ್ಲಿ ಹರಿದ ಅಂಗಿಗಳು ತೇಲಿದವು. ಊರವರು ಬುಟ್ಟಿಗಟ್ಟಲೆ ರೊಟ್ಟಿ ತಂದು ಸುರಿದರು. "ಇಷ್ಟು ವರ್ಷ ಆ ಗಂಟುಮೋರೆಯವರ ಕಾಲು ಹಿಡಿದದ್ದು ಯಾಕೋ" ಅಂತ ಹಾಲಿನವಳು ಗಟ್ಟಿಯಾಗಿಯೇ ಅಂದಳು. ಮೂಲೆಮನೆಯವಳ ಮೂರನೆಯ ಮಗಳು ಬೆಂಕಿಯ ಮುಂದೆ ಕೂತು ಬಡಿಯುತ್ತಿದ್ದಳು, ಹಣೆಯಲ್ಲಿ ಬೆವರು, ಕೆನ್ನೆಯಲ್ಲಿ ಮಸಿ. ತಾಯಿ ಅವಳನ್ನು ನೋಡಿಯೇ ಹೊಟ್ಟೆ ತುಂಬಿಸಿಕೊಂಡಳು, ರೊಟ್ಟಿ ಮುಟ್ಟಲಿಲ್ಲ.

ಕರೆಯದಿದ್ದರೂ ಬೂದಿಯಜ್ಜಿ ಬಂದು ಗುಂಡಿಯ ಅಂಚಿನಲ್ಲಿ ಕೂತಿದ್ದಳು.

"ಯಾಕಜ್ಜಿ ಬಿಸಿಲಲ್ಲಿ ಒಣಗ್ತೀಯ? ಈ ಸಲ ನಿನ್ನ ಕಡೆಗೆ ಯಾರೂ ಬರಲ್ಲ. ಎದ್ದು ಹೋಗು" ಅಂದಳು ಮೂಲೆಮನೆಯವಳು.

"ಎಲ್ಲಿಗೆ ಹೋಗ್ಲೇ? ನೀನು ಬಡಿ. ನಾನು ಕೂತಿರ್ತೀನಿ."

"ಹಸಿವಾಗಿದ್ರೆ ರೊಟ್ಟಿ ತಿನ್ನು. ನನ್ನ ಮಗಳ ಮೇಲೆ ಕಣ್ಣು ಹಾಕಬೇಡ."

"ನನಗೆ ಹಸಿವು ಅನ್ನೋದೇ ಇಲ್ಲ ಕಣೇ" ಅಂದಳು ಅಜ್ಜಿ. "ಬಂದೋರನ್ನ ಮಲಗಿಸ್ಕೋತೀನಿ, ಅಷ್ಟೆ. ನಾನು ಇಲ್ದೆ ಹೋದ್ರೆ ಅವರು ಬಯಲಲ್ಲೇ ಕೊಳೀತಾರೆ."

ಮೂರನೆಯ ದಿನದಿಂದ ಕೊಕ್ಕೆಗಳ ಚಂದ ನೋಡಬೇಕು. ತಪ್ಪು ಮಾಡಲೇಬೇಕಲ್ಲ, ಮಾಡಿದರು. ಆ ತಪ್ಪು ಹೇಗಿದೆ ಅಂತ ನೋಡುವವರು ಯಾರು? ಎದುರುಮನೆಯವಳ ಮಗಳ ಕೊಕ್ಕೆ ಹಲ್ಲಿಯ ಬಾಲದ ಹಾಗೆ ಸೊಟ್ಟಗಿತ್ತು. ಅವಳು ಕಂಬದ ಮುಂದೆ ಉದ್ದಕ್ಕೂ ಬಗ್ಗಿ ಎದ್ದರೂ ಒಂದು ಮಣಿ ಎತ್ತಲಾಗಲಿಲ್ಲ. "ಇರಲಿ ಬಿಡು, ಎಷ್ಟು ನಯವಾಗಿ ಬಡಿದಿದಾಳೆ ನೋಡು" ಅಂದರು ಸುತ್ತ ಕೂತವರು. ಅವರ ಮಕ್ಕಳದೂ ಹಾಗೇ ಇತ್ತು, ಬೇರೆ ಏನು ಹೇಳಿಯಾರು.

ನಾಲ್ಕನೆಯ ದಿನ ಕಾಲುವೆ ಗುಡಿಸುವವನು ಪೊರಕೆ ಹೆಗಲಿಗಿಟ್ಟುಕೊಂಡು ಬಯಲ ಪಕ್ಕ ಹಾದುಹೋದ. ಆ ಸೊಟ್ಟ ಕೊಕ್ಕೆ ಇದ್ದಲ್ಲಿಂದಲೇ ಹಾರಿದ ಹಾಗೆ ಹೋಗಿ ಅವನ ಹೆಗಲಿಗೆ ಸಿಕ್ಕಿಕೊಂಡಿತು. ಬಯಲೆಲ್ಲ ನಗು.

"ಹುಡುಗಿ ಕಣ್ಣು ಬಿದ್ದಿದೆ ಕಣಯ್ಯ ನಿನ್ನ ಮೇಲೆ!"

"ಬಿಡಿಸ್ಕೊಡ್ರಮ್ಮ, ಕೆಲಸ ಇದೆ" ಅಂತ ಅವನೂ ನಕ್ಕ. ಬಿಡಿಸುವಾಗ ಹೆಗಲಿನ ಚರ್ಮ ಒಂದು ಹಿಡಿ ಕಿತ್ತು ಬಂತು. ಅವನು ಕಾಲುವೆಯ ಆ ತುದಿ ಮುಟ್ಟುವುದರೊಳಗೆ ಊರು ಅವರಿಬ್ಬರಿಗೂ ಮದುವೆ ಮಾಡಿಸಿ, ಹೊಂದಿಕೆಯಿಲ್ಲ ಅಂತ ಬೇರೆಯನ್ನೂ ಮಾಡಿಸಿತ್ತು. ರಕ್ತದ ಮಾತನ್ನು ಯಾರೂ ಎತ್ತಲಿಲ್ಲ.

ಐದನೆಯ ದಿನ ಬಿಸಿಲು ನೆತ್ತಿಗೆ ಬಂದಿತ್ತು. ಬಡಿಯುತ್ತಿದ್ದ ಒಬ್ಬಳು ಸುತ್ತಿಗೆ ಕೆಳಗಿಟ್ಟು ಎದ್ದಳು. ನೀರು ಕುಡಿಯಲು ಎದ್ದಳು ಅಂದುಕೊಂಡರು. ಅವಳು ಕೊಡದ ಕಡೆ ಹೋಗಲಿಲ್ಲ, ಗುಂಡಿಯ ಕಡೆ ನಡೆದಳು. ಅಜ್ಜಿಯ ಮಡಿಲಲ್ಲಿ ತಲೆಯಿಟ್ಟಳು. ಆಮೇಲೆ ಇನ್ನೊಬ್ಬಳು. ಆಮೇಲೆ ಸಾಲಾಗಿ ನಾಲ್ವರು. ಒಂದೊಂದೇ ಸುತ್ತಿಗೆಯ ಸದ್ದು ನಿಂತು ಬಯಲಲ್ಲಿ ನಗಾರಿಯ ಸದ್ದೊಂದೇ ಕೇಳತೊಡಗಿತು.

"ಏನು ಮಾಡಿದೆಯೇ ಮಾಟಗಾತಿ!" ಅಂತ ಮೂಲೆಮನೆಯವಳು ಅಜ್ಜಿಯ ಮೇಲೆ ಬಿದ್ದಳು.

"ನಾನೇನು ಮಾಡ್ಲೇ? ಕರೆದ್ನಾ? ಐದು ದಿನ ಯಾರೂ ಹೂಂ ಅನ್ನದಿದ್ರೆ ಇವರ ಕಾಲೇ ಇವರನ್ನ ಕರ್ಕೊಂಡು ಬರುತ್ತೆ. ಊಹೂಂ ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ. ನಿನ್ನ ಕಾಲಿಗೂ ಗೊತ್ತಿದೆ ಇದು. ನಿನಗೆ ಒಂದು ಕಾಲದಲ್ಲಿ ಹೂಂ ಸಿಕ್ಕಿತ್ತು, ಅದಕ್ಕೆ ನಿಂತಿದೀಯ."

ಹಿಂದೆ ತಿರುಗಿದರೆ ಮೂರನೆಯ ಮಗಳು ಸುತ್ತಿಗೆ ಕೆಳಗಿಡುತ್ತಿದ್ದಳು. ಮೆಲ್ಲಗೆ ಇಟ್ಟಳು, ಮಲಗಿದ ಕೂಸನ್ನು ಇಟ್ಟ ಹಾಗೆ. ಎದ್ದಳು. ನಡೆದಳು. ಮುಖದಲ್ಲಿ ದುಃಖವೂ ಇಲ್ಲ, ಹೆದರಿಕೆಯೂ ಇಲ್ಲ. ಮೂಲೆಮನೆಯವಳು ಅಡ್ಡ ನಿಂತಳು, ಮಗಳು ಬಳಸಿಕೊಂಡು ನಡೆದಳು. ಸೊಂಟ ಹಿಡಿದು ಜಗ್ಗಿದಳು, ಮಗಳ ಜೊತೆ ತಾನೂ ಎಳೆಸಿಕೊಂಡು ಹೋದಳು. ಕೆನ್ನೆಗೆ ಬಾರಿಸಿದಳು. ಗುಂಡಿ ಹತ್ತು ಹೆಜ್ಜೆಯಿತ್ತು, ಆರು ಹೆಜ್ಜೆಯಾಯಿತು, ಮೂರು ಹೆಜ್ಜೆಯಾಯಿತು.

"ಹೂಂ" ಅಂದಳು ಮೂಲೆಮನೆಯವಳು.

ಮಗಳ ಕಾಲು ನಿಂತಿತು.

"ಹೂಂ, ಹೂಂ, ಹೂಂ" ಅಂದಳು, ಅಳುತ್ತ. ಮಗಳು ಕಣ್ಣು ಪಿಳುಕಿಸಿ, "ಯಾಕವ್ವ ಹೀಗೆ ಹಿಡ್ಕೊಂಡಿದೀಯ?" ಅಂದು, ವಾಪಸು ಹೋಗಿ ಸುತ್ತಿಗೆ ಎತ್ತಿಕೊಂಡಳು.

ಬೂದಿಯಜ್ಜಿ ತನ್ನ ಮಡಿಲಿನವರ ತಲೆ ನೇವರಿಸುತ್ತ, "ಅವಳ ಕೊಕ್ಕೆ ನೋಡಿದೆಯಾ, ಹೂಂ ಅನ್ನೋ ಮೊದಲು?" ಅಂದಳು.

ನೋಡಿರಲಿಲ್ಲ.

ಅಷ್ಟರಲ್ಲಿ ಉಳಿದ ತಾಯಂದಿರು ಓಡಿ ಬಂದಿದ್ದರು. "ನನ್ನವಳಿಗೂ ಅನ್ನೇ!" "ನನ್ನವಳು ಅಂಚಿಗೆ ಹೋಗಿದಾಳೆ, ಬೇಗ ಅನ್ನೇ!" ಎದುರುಮನೆಯವಳು ಕಾಲಿಗೇ ಬಿದ್ದಳು. ಆ ಸೊಟ್ಟ ಕೊಕ್ಕೆಯವಳು ಆಗಲೇ ಬಗ್ಗಿ ಮಡಿಲಿಗೆ ತಲೆ ಇಡುವುದರಲ್ಲಿದ್ದಳು, ಅವಳ ಕೊಕ್ಕೆಯ ಮೊನೆಯಲ್ಲಿ ಗುಡಿಸುವವನ ರಕ್ತ ಒಣಗಿ ಕಪ್ಪಾಗಿತ್ತು. ಮೂಲೆಮನೆಯವಳು ಅದನ್ನು ನೋಡಿದಳು. ತನ್ನ ಮಗಳದನ್ನು ನೋಡದಿದ್ದವಳು ಇದನ್ನು ನೋಡಿದಳು. ತನ್ನ ಕಾಲು ಹಿಡಿದವಳ ಕಣ್ಣನ್ನೂ ನೋಡಿದಳು. ಹೂಂ ಅಂದಳು. ಸಂಜೆಯವರೆಗೆ ಅವಳು ಹೂಂ ಅನ್ನುತ್ತಲೇ ಇದ್ದಳು, ಗಂಟಲು ಕಟ್ಟುವವರೆಗೆ, ಒಬ್ಬರನ್ನೂ ಬಿಡದೆ. ಅವಳನ್ನು ಮಣೆಯ ಮೇಲೆ ಕೂರಿಸಿದರು. ಕೊಡವನ್ನು ಕೆಳಗಿಳಿಸಿದರು.

ಮಣಿಯಂಗಿಯವರು ಮುಗಿದುಹೋದರು. ಕಂಬದ ಕೈಗಳು ಬೋಳಾದವು. ಮೊದಲಾಗಿದ್ದರೆ ಅಷ್ಟಕ್ಕೆ ಬೆಂಕಿ ಆರಿ ಹೆಂಗಸರು ಮನೆಮನೆಗೆ ಹೋಗುತ್ತಿದ್ದರು. ಈ ಬೆಂಕಿ ಆರಲಿಲ್ಲ. ಒಬ್ಬಳಿದ್ದಲ್ಲಿ ಇಬ್ಬರಾದರು, ಇಬ್ಬರಿದ್ದಲ್ಲಿ ನಾಲ್ವರಾದರು. ಕೂತವರ ಬಳೆ ದೊಡ್ಡದಾಗಿ ಹಾಲಿನವಳ ಹಿತ್ತಿಲವರೆಗೆ ಬಂತು. ತಪ್ಪಿನ ಮೇಲೆ ತಪ್ಪು ಕೂತು ಕೊಕ್ಕೆಗಳಿಗೆ ತಾಯಿಯ ಗುರುತೇ ಉಳಿಯಲಿಲ್ಲ. ತೊಗಲಿನ ಕೋಟೆ ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ನಗಾರಿ ಬೇಗಬೇಗ ಬಡಿಯುತ್ತಿತ್ತು.

ಒಂದು ಬೆಳಗ್ಗೆ ಕಾಲುವೆಯಲ್ಲಿ ಪೊರಕೆ ತೇಲಿ ಬಂತು. ಅದರ ಹಿಂದೆ ಗುಡಿಸುವವನು, ಮೈಯೆಲ್ಲ ಕೊಕ್ಕೆ. ಮರುದಿನದಿಂದ ಕಾಲುವೆಯಲ್ಲಿ ಕಸ ನಿಂತಿತು. ಹಾಲಿನವಳ ಕರುವಿನ ಕೊರಳಲ್ಲೊಂದು ಕೊಕ್ಕೆ ಸಿಕ್ಕಿತು. ಹಾಲಿನವಳು ಬಾಗಿಲು ಹಾಕಿಕೊಂಡಳು, ಅವಳೊಬ್ಬಳೇ ಅಲ್ಲ.

ಎದುರುಮನೆಯವಳು ಮಣೆಯ ಹತ್ತಿರ ಬಂದು ಪಿಸುಗುಟ್ಟಿದಳು. "ಅಕ್ಕಾ, ಗುಡಿಸೋನನ್ನ ಹಿಡಿದದ್ದು ನನ್ನವಳೇ. ಊರೆಲ್ಲ ಆಡ್ಕೋತಾ ಇದೆ."

"ಗೊತ್ತು."

"ಅವಳಿಗೆ ಹೂಂ ಅಂದೋಳು ನೀನು."

"ಕಾಲು ಹಿಡಿದು ಅನ್ನಿಸಿದೋಳು ನೀನು. ಈಗ ಊಹೂಂ ಅನ್ಲಾ? ಹೇಳು, ಈಗಲೇ ಅಂತೀನಿ."

ಎದುರುಮನೆಯವಳು ಸೆರಗಿನ ತುದಿ ತಿರುಚುತ್ತ, "ಒಲೆ ಮೇಲೆ ಅನ್ನ ಇಟ್ಟು ಬಂದಿದೀನಿ" ಅಂದು ಹೊರಟುಹೋದಳು.

ಮೂಲೆಮನೆಯವಳು ಮನಸ್ಸು ಮಾಡಿದ್ದಳು. ಇನ್ನು ಮೇಲೆ ನೋಡಿಯೇ ಹೇಳುತ್ತೇನೆ, ಯಾರ ಮಗಳಾದರೂ ಸರಿ, ಮಣಿ ಎತ್ತದ ಕೊಕ್ಕೆಗೆ ಊಹೂಂ ಅನ್ನುತ್ತೇನೆ. ಬಾಯಿಯೊಳಗೇ ಆ ಮಾತನ್ನು ಎರಡು ಸಲ ಆಡಿ ನೋಡಿದಳು. ಸಲೀಸಾಗಿಯೇ ಬಂತು.

ಆಗ ಅವಳ ಮಗಳು ಹೊಸ ಕೊಕ್ಕೆ ತಂದಳು. ಇನ್ನೂ ಬಿಸಿಯಿತ್ತು. ಕಂಬದ ಹತ್ತಿರ ಹೋಗಿ ಒಂದೊಂದೇ ಬೋಳು ಕೈಯನ್ನು ಮುಟ್ಟಿ ನೋಡಿದಳು. ಯಾವುದೂ ಸಿಕ್ಕಲಿಲ್ಲ. ಕೊಕ್ಕೆ ಅವಳ ಕೈಯಲ್ಲಿ ಮೂಸುವ ನಾಯಿಯ ಹಾಗೆ ಆ ಕಡೆ ಈ ಕಡೆ ತಿರುಗಿತು. ಆಮೇಲೆ ಮಣೆಯ ಕಡೆ ತಿರುಗಿ ನಿಂತಿತು. ಮಗಳು ಅದರ ಹಿಂದೆ ನಡೆದು ಬಂದಳು. ಕೊಕ್ಕೆ ತಾಯಿಯ ಕೊರಳೆಲುಬಿನ ಹಿಂದಕ್ಕೆ ಹೋಗಿ ಕೂತಿತು. ಅಳತೆ ತೆಗೆದುಕೊಂಡು ಮಾಡಿದ ಹಾಗೆ ಕೂತಿತು, ಒಂದು ಎಳೆ ಸಡಿಲವಿಲ್ಲ, ಒಂದು ಎಳೆ ಬಿಗಿಯಿಲ್ಲ.

"ಅವ್ವಾ!" ಮಗಳ ಮುಖ ಅರಳಿತು. "ಹಿಡೀತು ನೋಡು! ಎಷ್ಟು ದಿನದಿಂದ ಏನೂ ಹಿಡಿದಿರಲಿಲ್ಲ. ಸರಿಯಾಗಿದೆಯಾ?"

ಬೂದಿಯಜ್ಜಿ ಎದ್ದು ನಿಂತಿದ್ದಳು. ಅವಳು ನಿಂತದ್ದನ್ನು ಅವತ್ತಿನವರೆಗೆ ಯಾರೂ ಕಂಡಿರಲಿಲ್ಲ. "ಊಹೂಂ ಅನ್ನೇ" ಅಂದಳು. "ನಿನ್ನ ಕಾಲು ಹಿಡೀತೀನಿ ಕಣೇ, ಊಹೂಂ ಅನ್ನು. ಮೆತ್ತಗೆ ಮಲಗಿಸ್ಕೋತೀನಿ ಅವಳನ್ನ. ನೋವಾಗಕ್ಕೆ ಬಿಡಲ್ಲ."

ದುಂಡಗೆ ಕೂತಿದ್ದವರೆಲ್ಲ ಸುತ್ತಿಗೆ ನಿಲ್ಲಿಸಿ ಈ ಕಡೆ ನೋಡುತ್ತಿದ್ದರು. ಒಬ್ಬೊಬ್ಬಳ ಕೈಯಲ್ಲೂ ಒಂದೊಂದು ಹೊಸ ಕೊಕ್ಕೆ.

ಮೂಲೆಮನೆಯವಳು ಬಾಯಿ ತೆರೆದಳು. ಕೊರಳ ಹಿಂದಿನಿಂದ ಬೆಚ್ಚಗೆ ಏನೋ ಬೆನ್ನಿಗಿಳಿಯುತ್ತಿತ್ತು. ಮಗಳು ಉತ್ತರಕ್ಕೆ ಕಾಯುತ್ತ ತುಟಿ ಕಚ್ಚಿಕೊಂಡಿದ್ದಳು, ಮೂಗಿನ ತುದಿಯಲ್ಲಿ ಮಸಿ. ತಾಯಿ ಅವಳ ಪಾದದ ಕಡೆ ನೋಡಿದಳು. ಹೆಬ್ಬೆರಳು ಆಗಲೇ ಗುಂಡಿಯ ಕಡೆಗೆ ತಿರುಗುತ್ತಿತ್ತು. ಒಂದು ಪಾದ ನೆಲ ಬಿಟ್ಟಿತು.

"ಹೂಂ" ಅಂದಳು.

ಮಗಳ ಕಾಲು ನಿಂತಿತು. ಕೊಕ್ಕೆ ಜಗ್ಗುತ್ತಿದ್ದ ಕೈ ನಿಲ್ಲಲಿಲ್ಲ.